ಬೀಗ ಹೋಯಿತು, ಹೆಸರು ಓದಿ

ಕ್ರೋಮ್‌ನಲ್ಲಿ ವಿಳಾಸದ ಪಕ್ಕ ಇದ್ದ ಬೀಗದ ಚಿತ್ರ ಎಲ್ಲಿ ಹೋಯಿತು, ಅದಿಲ್ಲದೆ ಬ್ಯಾಂಕಿನ ಜಾಲತಾಣ ತೆರೆಯಬಹುದೇ ಎಂದು ಮಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ. ಗೂಗಲ್ ಅದನ್ನು 2023ರ ಸೆಪ್ಟೆಂಬರಿನಲ್ಲೇ ತೆಗೆಯಿತು. ತೆಗೆದದ್ದು ಒಳ್ಳೆಯದೇ ಆಯಿತು. ಗೂಗಲ್‌ನ ಒಂದು ಅಧ್ಯಯನದಲ್ಲಿ ಬೀಗದ ಅರ್ಥ ಸರಿಯಾಗಿ ತಿಳಿದಿದ್ದವರು ನೂರಕ್ಕೆ 11 ಮಂದಿ ಮಾತ್ರ.

ನಮ್ಮ ತುಳುನಾಡಿನಲ್ಲಿ ಸಂಬಂಧ ನೋಡುವಾಗ, ಬಂದ ಹುಡುಗ ಇಂಥ ಮನೆಯವನೇ ಹೌದೋ ಎಂದು ಎರಡೂ ಕಡೆಗೆ ಪರಿಚಯವಿರುವ ಹಿರಿಯರೊಬ್ಬರನ್ನು ವಿಚಾರಿಸುತ್ತೇವೆ. 'ಹೌದು, ಆ ಮನೆಯವನೇ' ಎಂದರೆ ಅವರ ಕೆಲಸ ಮುಗಿಯಿತು. ಹುಡುಗ ಕುಡಿಯುತ್ತಾನೋ, ಸಾಲಗಾರನೋ ಎಂಬುದು ಆ ಮಾತಿನಲ್ಲಿಲ್ಲ. ಬೀಗದ ಹಿಂದಿದ್ದ ಡಿಜಿಟಲ್ ಸರ್ಟಿಫಿಕೇಟ್ ಎಂದರೆ, ಈ ಜಾಲತಾಣ ಇಂಥ ಹೆಸರಿನದೇ ಎಂದು ಅಂಥ ಹಿರಿಯರು ಸಹಿ ಹಾಕಿದ ಚೀಟಿ. ಇದನ್ನು 1978ರಲ್ಲಿ ಎಂಐಟಿಯ ಪದವಿ ಪ್ರಬಂಧದಲ್ಲಿ ಮುಂದಿಟ್ಟವನು ಲೋರೆನ್ ಕೋನ್‌ಫೆಲ್ಡರ್ ಎಂಬ ವಿದ್ಯಾರ್ಥಿ. ನಂಬಬಹುದಾದ ಹಿರಿಯರ ಪಟ್ಟಿ ಬ್ರೌಸರಿನಲ್ಲೋ ಆಪರೇಟಿಂಗ್ ಸಿಸ್ಟಮ್ಮಿನಲ್ಲೋ ಮೊದಲೇ ಇರುತ್ತದೆ. ಬೆಂಗಳೂರಿನ ಇಮುದ್ರಾ ಕೂಡ ಅದರಲ್ಲಿದೆ. 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಈ ಚೀಟಿಯನ್ನು ಬಿಟ್ಟಿಯಾಗಿ ಕೊಡುತ್ತಿದೆ. ಅದು ನೋಡುವುದು ಒಂದೇ: ಜಾಲತಾಣದ ಹೆಸರು ನಿಮ್ಮ ಕೈಯಲ್ಲಿದೆಯೇ? ವಂಚಕನ ಕೈಯಲ್ಲೂ ಅವನು ಕೊಂಡ ಹೆಸರು ಇದ್ದೇ ಇರುತ್ತದೆ. 'ಬೀಗ ಇದ್ದರೆ ಭಯವಿಲ್ಲ' ಎಂಬ ಹಳೆಯ ಉಪದೇಶವನ್ನು ಇಂದೂ ಹಂಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಿರಿಯರೇ ತಪ್ಪಿದರೆ? ನಮ್ಮ ದೇಶದಲ್ಲೇ ಹಾಗಾಗಿದೆ. 2014ರ ಜುಲೈ 2ರಂದು, ಗೂಗಲ್‌ನ ಹೆಸರಿಗೆ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್ಐಸಿಯ ಸಹಿಯಿರುವ ಅನಧಿಕೃತ ಸರ್ಟಿಫಿಕೇಟುಗಳು ಗೂಗಲ್‌ನ ಕಣ್ಣಿಗೆ ಬಿದ್ದವು. ಎನ್ಐಸಿಯ ಮೇಲಿನ ಪ್ರಾಧಿಕಾರವನ್ನು ವಿಂಡೋಸ್ ನಂಬುತ್ತಿತ್ತು, ವಿಂಡೋಸಿನ ಪಟ್ಟಿಯನ್ನು ಕ್ರೋಮ್ ನಂಬುತ್ತಿತ್ತು. ತನ್ನದೇ ಪಟ್ಟಿ ಇಟ್ಟುಕೊಂಡಿದ್ದ ಫೈರ್‌ಫಾಕ್ಸ್‌ಗೆ ಏನೂ ಆಗಲಿಲ್ಲ. ಮರುದಿನವೇ ಎನ್ಐಸಿಯ ಸರ್ಟಿಫಿಕೇಟುಗಳು ರದ್ದಾದವು. ಮುಂದೆ ಕ್ರೋಮ್, ಭಾರತದ ಆ ಪ್ರಾಧಿಕಾರದ ಮಾತನ್ನು ಸರ್ಕಾರಿ ವಿಳಾಸಗಳೂ ಸೇರಿದಂತೆ ಬೆರಳೆಣಿಕೆಯ ಹೆಸರುಗಳಿಗಷ್ಟೇ ಸೀಮಿತಗೊಳಿಸಿತು.

ಹಾಗಾಗಿ ಉಳಿಯುವುದು ಹೆಸರು. ಕೆನರಾ, ಕರ್ನಾಟಕ, ವಿಜಯಾ ಬ್ಯಾಂಕುಗಳನ್ನು ಹುಟ್ಟಿಸಿದ ಊರಿಗೆ ಇದು ಮುಖ್ಯ: ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್.ಇನ್' ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಹೆಸರು ನೋಂದಾಯಿಸುವ ಅಧಿಕಾರ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿಗೆ ಮಾತ್ರ. ವಿಳಾಸದ ಆರಂಭದ ಜೋಡಿ ಓರೆಗೀಟು (//) ಬಿಟ್ಟು ಮುಂದೆ ಬರುವ ಮೊದಲ ಒಂಟಿ ಓರೆಗೀಟನ್ನು (/) ಹುಡುಕಿ. '.ಬ್ಯಾಂಕ್.ಇನ್' (.bank.in, ಮೊದಲ ಚುಕ್ಕಿಯೂ ಸೇರಿ) ಅದರ ಎಡಕ್ಕೆ ಅಂಟಿಕೊಂಡಿರಬೇಕು. ನಡುವೆ ಬೇರೇನಾದರೂ ನುಸುಳಿದ್ದರೆ ಅದು ಬ್ಯಾಂಕಿನ ತಾಣವಲ್ಲ.

ಇನ್ನು ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿದರೆ, ಮೊದಲು ಫೋನಿನ ತಾರೀಕು ನೋಡಿ. ತಾರೀಕು ತಪ್ಪಿದ್ದರೆ ಅಸಲಿ ಸರ್ಟಿಫಿಕೇಟೂ ಅವಧಿ ಮುಗಿದಂತೆ ಕಾಣಬಹುದು. ತಾರೀಕು ಸರಿಯಿದ್ದೂ ಎಚ್ಚರಿಕೆ ಹೋಗದಿದ್ದರೆ ಪುಟ ಮುಚ್ಚಿ, ಶಾಖೆಗೆ ಫೋನ್ ಮಾಡಿ.