ವಿಮಾನದ ಬಣ್ಣ ಯಾವುದು?

ಖಾಸಗಿ ವಿಮಾನದಲ್ಲಿ ದೇಶದ ಗಡಿ ದಾಟುವ ಪೈಲಟ್ ಮೊದಲೇ ‘ಫ್ಲೈಟ್ ಪ್ಲಾನ್’ ಸಲ್ಲಿಸಬೇಕು. ಅದರ ನಮೂನೆಯ ಕೊನೆಯಲ್ಲಿ ಕೆಲವು ಪ್ರಶ್ನೆಗಳಿವೆ. ವಿಮಾನದ ಬಣ್ಣ ಯಾವುದು? ಒಳಗೆ ಎಷ್ಟು ಜನ? ಇಂಧನ ಎಷ್ಟು ಹೊತ್ತಿಗೆ ಸಾಕು? ಲೈಫ್ ಜಾಕೆಟ್ಟಿಗೆ ದೀಪ ಇದೆಯೇ? ರಬ್ಬರ್ ದೋಣಿ ಎಷ್ಟು, ಅದಕ್ಕೆ ಹೊದಿಕೆ ಉಂಟೇ, ದೋಣಿಯ ಬಣ್ಣವೇನು? ಆಕಾಶದಲ್ಲಿರುವ ವಿಮಾನಕ್ಕೆ ದಾರಿ ಹೇಳುವವರಿಗೆ ಇವು ಬೇಕಿಲ್ಲ. ಬಿದ್ದ ವಿಮಾನವನ್ನು ಸಮುದ್ರದ ಮೇಲೆ ಹುಡುಕಿ ಹೊರಟವರಿಗೆ ಬೇಕು. ಫ್ಲೈಟ್ ಪ್ಲಾನನ್ನು ಬರೀ ಅನುಮತಿಪತ್ರ ಎಂದುಕೊಂಡವರು ಈ ಭಾಗವನ್ನೊಮ್ಮೆ ಓದಬೇಕು.

ಇಂಗ್ಲೆಂಡಿನ ಲಿಡ್ ಎಂಬ ಪುಟ್ಟ ನಿಲ್ದಾಣದಿಂದ ಫ್ರಾನ್ಸಿನ ಲ ತೂಕೆಗೆ ಇಂಗ್ಲಿಷ್ ಕಾಲುವೆಯ ಮೇಲೆ ಸುಮಾರು ಅರ್ಧ ಗಂಟೆಯ ಹಾರಾಟ. ಹವ್ಯಾಸಿ ಪೈಲಟ್‌ಗಳಿಗೆ ಬಹಳ ಇಷ್ಟದ ದಾರಿ. ಇಂಗ್ಲೆಂಡಿನ ಒಳಗೇ ಅಷ್ಟು ದೂರ ಹೊರಗೆ ಕಣ್ಣಿಗೆ ಕಾಣುವುದನ್ನು ನೋಡಿಕೊಂಡೇ ಹಾರುವ ನಿಯಮದಲ್ಲಿ ಹೋದರೆ ಸಾಮಾನ್ಯವಾಗಿ ಪ್ಲಾನ್ ಕಡ್ಡಾಯವಲ್ಲ. ಗಡಿ ಅಡ್ಡ ಬಂದ ಕೂಡಲೇ ಕಡ್ಡಾಯ. ಹೊರಡುವ ಒಂದು ಗಂಟೆ ಮೊದಲಾದರೂ ಸಲ್ಲಿಸಬೇಕು. ನಮೂನೆ ಜಗತ್ತಿಗೆಲ್ಲ ಒಂದೇ. 1944ರ ಷಿಕಾಗೋ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅದನ್ನು ರೂಪಿಸಿದೆ. ‘ಎನ್ 0110’ ಎಂದರೆ ವೇಗ 110 ನಾಟ್, ‘ಎ 025’ ಎಂದರೆ ಎತ್ತರ 2,500 ಅಡಿ. ನಿಲ್ದಾಣಗಳಿಗೆ ನಾಲ್ಕಕ್ಷರದ ಹೆಸರು: ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ‘ವಿಓಬಿಎಲ್’, ಜಕ್ಕೂರು ‘ವಿಓಜೆಕೆ’. ಹೆಸರೇ ಇಲ್ಲದ ಹುಲ್ಲುಗಾವಲಿನಿಂದ ಹೊರಟರೆ ನಾಲ್ಕು ‘ಜೆಡ್’ ಬರೆದು, ಜಾಗ ಯಾವುದೆಂದು ಕೆಳಗೆ ವಿವರಿಸಬೇಕು. ಹೊರಟ ಎಷ್ಟು ನಿಮಿಷಕ್ಕೆ ಗಡಿ ಮುಟ್ಟುತ್ತೇನೆ ಎಂಬುದನ್ನೂ ಬರೆಯುತ್ತಾರೆ. ಆಚೆಯವರು ಯಾವ ಹೊತ್ತಿಗೆ ಕಣ್ಣಿಡಬೇಕೆಂದು ತಿಳಿಯುವುದು ಅದರಿಂದಲೇ.

ಸಮಯ ಮಾತ್ರ ಎಲ್ಲೆಲ್ಲೂ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಜನವರಿ 1ರ ಬೆಳಗಿನ ಜಾವ 4 ಗಂಟೆಗೆ ಬೆಂಗಳೂರಿನಿಂದ ಕೊಲಂಬೋಗೆ ಹೊರಡುವವರ ಪ್ಲಾನಿನಲ್ಲಿ ಇರಬೇಕಾದದ್ದು ಡಿಸೆಂಬರ್ 31ರ 2230. ಗಂಟೆಯನ್ನು ಸರಿಯಾಗಿ ಲೆಕ್ಕ ಹಾಕಿ ತಾರೀಖು ತಪ್ಪಿಸಿದರೆ ಒಂದು ಇಡೀ ದಿನವೇ ಆಚೀಚೆ ಆಗುತ್ತದೆ.

ನನಗೆ ಅತಿ ಕುತೂಹಲದ್ದೆನಿಸುವುದು ಸಲ್ಲಿಸಿದ ನಂತರದ ಕಥೆ. ಹಾರಾಟದ ದಾರಿ, ವೇಗ, ಸಮಯಗಳಿರುವ ಭಾಗ ದಾರಿಯುದ್ದದ ನಿಯಂತ್ರಣ ಕೇಂದ್ರಗಳಿಗೆ ಸಂದೇಶವಾಗಿ ಹೋಗುತ್ತದೆ. ಬಣ್ಣ, ದೋಣಿ, ಜಾಕೆಟ್ಟುಗಳ ಭಾಗ ಹೋಗುವುದಿಲ್ಲ! ಅದು ಸಲ್ಲಿಸಿದ ಕಡೆಯಲ್ಲೇ ಉಳಿದಿರುತ್ತದೆ. ವಿಮಾನದ ಸುಳಿವು ಸಿಗದಿದ್ದಾಗ ಮಾತ್ರ ‘ಆ ವಿವರ ಕಳಿಸಿ’ ಎಂದು ಕೇಳುವ ಪ್ರತ್ಯೇಕ ಸಂದೇಶವೊಂದು ಬರುತ್ತದೆ. ಬಹುಪಾಲು ಹಾರಾಟಗಳಲ್ಲಿ ಆ ಸಾಲುಗಳನ್ನು ಯಾರೂ ಓದುವುದೇ ಇಲ್ಲ. ಆದರೂ ಪ್ರತಿ ಸಲ ನಿಷ್ಠೆಯಿಂದ ತುಂಬಬೇಕು.

ಫ್ಲೈಟ್ ಪ್ಲಾನ್ ಸಲ್ಲಿಸಿದರೆ ಕಸ್ಟಮ್ಸ್‌ಗೂ ತಿಳಿಸಿದಂತಾಯಿತು ಎಂದು ನಂಬಬಾರದು. ಬ್ರಿಟನ್ನಿನಲ್ಲಿ ಪ್ರಯಾಣಿಕರ ವಿವರಗಳನ್ನು ಹೊರಡುವ 48ರಿಂದ 2 ಗಂಟೆ ಮೊದಲು ಗಡಿ ಇಲಾಖೆಗೆ ಬೇರೆಯಾಗಿಯೇ ಕೊಡಬೇಕು. ಅಮೆರಿಕದಲ್ಲಿ 2009ರಿಂದ ಖಾಸಗಿ ವಿಮಾನಗಳಿಗೂ ಇಂಥದೇ ನಿಯಮ. ಭಾರತದಲ್ಲಿ ಇವೆಲ್ಲದರ ಜೊತೆಗೆ ವಾಯುರಕ್ಷಣಾ ಅನುಮತಿಯ ಸಂಖ್ಯೆಯೂ ಕೈಗೆ ಬರಬೇಕು.

ಬರೆದ ಪ್ಲಾನಿಗೂ ಹಾರಿದ ದಾರಿಗೂ ಸಂಬಂಧ ಕಡಿದರೆ ಏನಾಗುತ್ತದೆ ಎಂಬುದಕ್ಕೆ 1987ರ ಮೇ 28ಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಅಂದು ಪಶ್ಚಿಮ ಜರ್ಮನಿಯ 18ರ ಹುಡುಗ ಮಥಿಯಾಸ್ ರುಸ್ಟ್, ಬಾಡಿಗೆಯ ಸೆಸ್ನಾ 172ರಲ್ಲಿ ಹೆಲ್ಸಿಂಕಿಯಿಂದ ಹೊರಟ. ಪ್ಲಾನಿನಲ್ಲಿದ್ದ ಗುರಿ ಸ್ಟಾಕ್‌ಹೋಮ್. ಸ್ವಲ್ಪ ಹೊತ್ತಿಗೇ ಪೂರ್ವಕ್ಕೆ ತಿರುಗಿ ರೇಡಿಯೋಗೆ ಉತ್ತರಿಸದಾದ, ಫಿನ್ಲೆಂಡಿನ ರೇಡಾರಿನಿಂದ ಮಾಯವಾದ. ಸಂಜೆಗೆ ಮಾಸ್ಕೋದ ಕೆಂಪುಚೌಕದ ಪಕ್ಕದಲ್ಲಿ ಇಳಿದಿದ್ದ. ಸೋವಿಯತ್ ರೇಡಾರುಗಳು ಅವನನ್ನು ಕಂಡಿದ್ದವು. ಆದರೆ ಆ ಚುಕ್ಕೆಗೆ ಹೊಂದುವ ಪ್ಲಾನ್ ಯಾವುದೂ ಇರಲಿಲ್ಲ. ಒಂದು ಕಡೆ ಅದು ತರಬೇತಿ ವಿಮಾನಗಳ ನಡುವೆ ಸೇರಿಹೋಯಿತು. ಮತ್ತೊಂದು ಕಡೆ ರಕ್ಷಣಾ ಕಾರ್ಯದ ಹೆಲಿಕಾಪ್ಟರ್ ಅನ್ನಿಸಿಕೊಂಡಿತು. ರಕ್ಷಣಾ ಸಚಿವ ಸೊಕೊಲೊವ್ ಹುದ್ದೆ ಕಳೆದುಕೊಂಡರು.

ಇಷ್ಟನ್ನು ಜಗತ್ತು ನೆನಪಿಟ್ಟುಕೊಂಡಿದೆ. ಅದೇ ದಿನ ಫಿನ್ಲೆಂಡಿನಲ್ಲಿ ನಡೆದದ್ದು ಅಷ್ಟಾಗಿ ನೆನಪಿಲ್ಲ. ಅವನು ಮಾಯವಾದ ಜಾಗದಲ್ಲಿ ನೀರಿನ ಮೇಲೆ ಎಣ್ಣೆ ತೇಲುತ್ತಿರುವುದನ್ನು ಗಡಿ ಕಾವಲು ದೋಣಿಯವರು ಕಂಡರು; ಹುಡುಗ ಮುಳುಗಿರಬೇಕೆಂದು ನೀರಿನಡಿಯಲ್ಲೂ ಹುಡುಕಿದರು. ಸಾಹಸ ಎಂದು ಹೊಗಳುವವರು ಆ ಹುಡುಕಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾಗಿಯೇ ಚಕ್ರ ನೆಲ ಮುಟ್ಟಿದರೂ ಪೈಲಟ್ಟಿನ ಕೆಲಸ ಮುಗಿಯದು, ಪ್ಲಾನನ್ನು ‘ಮುಚ್ಚಬೇಕು’. ದೊಡ್ಡ ನಿಲ್ದಾಣದಲ್ಲಿ ಟವರ್‌ನವರೇ ಮುಚ್ಚುತ್ತಾರೆ. ಟವರ್ ಇಲ್ಲದ ಕಡೆ ಪೈಲಟ್ಟೇ ಫೋನ್ ಮಾಡಿ ಇಳಿದೆನೆಂದು ತಿಳಿಸಬೇಕು. ಬರಬೇಕಾದ ಹೊತ್ತು ಕಳೆದು 30 ನಿಮಿಷವಾದರೂ ಸುದ್ದಿಯಿಲ್ಲದಿದ್ದರೆ ಅನಿಶ್ಚಿತತೆಯ ಹಂತ, ವಿಚಾರಿಸಿದರೂ ಸುಳಿವಿಲ್ಲದಿದ್ದರೆ ಎಚ್ಚರಿಕೆಯ ಹಂತ, ಕೊನೆಗೆ ಅಪಾಯದ ಹಂತ. ಟವರ್ ಇಲ್ಲದ ಬ್ರಿಟನ್ನಿನ ಬಯಲುಗಳಿಗೆ ಬರುವವರು ನೆಲದ ಮೇಲಿರುವ ಗೆಳೆಯರನ್ನೋ ಮನೆಯವರನ್ನೋ ‘ಹೊಣೆಗಾರ’ರನ್ನಾಗಿ ಗೊತ್ತುಮಾಡಿರುತ್ತಾರೆ. ಹೇಳಿದ ಹೊತ್ತು ಮೀರಿ ಅರ್ಧ ಗಂಟೆ ಕಳೆದರೆ, ವಿಮಾನ ಬಂದಿಲ್ಲ ಎಂದು ನಿಯಂತ್ರಣ ಕೇಂದ್ರಕ್ಕೆ ಕರೆ ಮಾಡುವ ಕೆಲಸ ಅವರದು.