ಕತ್ತರಿಸಿಹೋದ ಬೆರಳು ಮತ್ತೆ ಬೆಳೆಯುತ್ತದೆಯೇ?

ಪುಣೆಯ ಹಡಪಸರದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಳ್ಳುವ ಕಾರ್ಮಿಕರಿದ್ದಾರೆ. ಹಲ್ಲಿಗೆ ಬಾಲ ಮತ್ತೆ ಬರುತ್ತದೆ, ನಮಗೇಕೆ ಬೆರಳು ಬರುವುದಿಲ್ಲ ಎಂದು ಮನೆಯವರು ಕೇಳುವುದು ಸಹಜ.

ಸಲಮ್ಯಾಂಡರ್‌ನಲ್ಲಿ ಏನಾಗುತ್ತದೆ?
ಕಪ್ಪೆಯಂತೆಯೇ ಉಭಯವಾಸಿಯಾದ ಸಲಮ್ಯಾಂಡರ್, ಕಾಲು ತುಂಡಾದರೆ ಮೂಳೆ, ಸ್ನಾಯು, ನರಗಳ ಸಮೇತ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಗಾಯವನ್ನು ಚರ್ಮ ಮುಚ್ಚಿದ ಮೇಲೆ ಅದರಡಿ ಜೀವಕೋಶಗಳ ಮೊಗ್ಗೊಂದು ಮೂಡುತ್ತದೆ. ಮಣಿಕಟ್ಟಿನಲ್ಲಿ ತುಂಡಾದರೆ ಹಸ್ತವಷ್ಟೇ, ತೋಳಿನಲ್ಲಿ ತುಂಡಾದರೆ ಅಲ್ಲಿಂದ ಮುಂದಿನದೆಲ್ಲವೂ ಬೆಳೆಯುತ್ತದೆ.

ತಾನು ಎಲ್ಲಿದ್ದೇನೆಂದು ಕೋಶಕ್ಕೆ ಹೇಗೆ ಗೊತ್ತು?
ಕೋಶದ ಹೊರಮೈಯಲ್ಲಿ ಪಕ್ಕದ ಕೋಶವನ್ನು ಗುರುತಿಸಿ ಹಿಡಿದುಕೊಳ್ಳುವ ಅಣುಗಳಿವೆ. ಇವು ಒಂದು ಬಗೆಯ ವಿಳಾಸಚೀಟಿಯೂ ಹೌದು. ತೋಳಿನ ಮೊಗ್ಗನ್ನೂ ಮಣಿಕಟ್ಟಿನ ಮೊಗ್ಗನ್ನೂ ಒಟ್ಟಿಗೆ ಇಟ್ಟರೆ ಮೊದಲನೆಯದು ಎರಡನೆಯದನ್ನು ಸುತ್ತುವರಿಯುತ್ತದೆ. 2002ರಲ್ಲಿ ಲಂಡನ್ನಿನ ಜೆರೆಮಿ ಬ್ರಾಕ್ಸ್ ತಂಡವು ಈ ವರ್ತನೆಯ ಹಿಂದೆ ಪ್ರಾಡ್ 1 ಎಂಬ ಪ್ರೋಟೀನ್ ಇರುವುದನ್ನು ತೋರಿಸಿತು. ಅದು ಭುಜದ ಕಡೆ ಹೆಚ್ಚು, ಬೆರಳಿನ ಕಡೆ ಕಡಿಮೆ. ನರದ ಹೊದಿಕೆಯಿಂದ ಬರುವ ಇನ್ನೊಂದು ಪ್ರೋಟೀನ್ ಪ್ರಾಡ್ 1ಕ್ಕೆ ಅಂಟಿಕೊಂಡು ಬೆಳವಣಿಗೆಗೆ ನೆರವಾಗುತ್ತದೆ ಎಂದು 2007ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಇಂತಹ ಮೊಗ್ಗು ಮೂಡುವುದಿಲ್ಲ. ಗಾಯ ಕಲೆಗಟ್ಟಿ ಮುಚ್ಚಿಕೊಳ್ಳುತ್ತದೆ. ಮಕ್ಕಳಲ್ಲಿ ಉಗುರಿನ ಬುಡ ಉಳಿದಿದ್ದರೆ ಬೆರಳ ತುದಿ ಮಾತ್ರ ಸ್ವಲ್ಪ ಮಟ್ಟಿಗೆ ಬೆಳೆಯಬಹುದು.

ವಿಟಮಿನ್ ಎ ತೆಗೆದುಕೊಂಡರೆ?
ವಿಟಮಿನ್ ಎ ಈ ವಿಳಾಸವನ್ನೇ ಬದಲಿಸಬಲ್ಲದು. ಬಾಲ ಕತ್ತರಿಸಿದ ಗೊದಮೊಟ್ಟೆಗಳಿಗೆ ಅದನ್ನು ಕೊಟ್ಟಾಗ ಬಾಲದ ಜಾಗದಲ್ಲಿ ಕಾಲುಗಳು ಮೂಡಿದವೆಂದು 1992ರಲ್ಲಿ ಒಡಿಶಾದ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂಬದಾ ಮೊಹಾಂತಿ ಹೆಜ್ಮಾಡಿ ಮತ್ತು ಸಂಗಡಿಗರು ವರದಿ ಮಾಡಿದರು. ಹಾಗೆಂದು ಮಾತ್ರೆ ನುಂಗಬೇಡಿ. ಅತಿಯಾದ ವಿಟಮಿನ್ ಎ ಯಕೃತ್ತಿಗೆ ಹಾನಿಕರ, ಗರ್ಭಿಣಿಯರ ಮಗುವಿಗೆ ಅಪಾಯ. ಅಂಗ ಬೆಳೆಸುತ್ತೇವೆಂಬ ಜಾಹೀರಾತುಗಳನ್ನೂ ನಂಬಬೇಡಿ.

ಬೆರಳು ತುಂಡಾದರೆ ಏನು ಮಾಡಬೇಕು?
• ಗಾಯದ ಮೇಲೆ ಶುಭ್ರ ಬಟ್ಟೆ ಒತ್ತಿ ಹಿಡಿದು, ಕೈಯನ್ನು ಮೇಲಕ್ಕೆತ್ತಿ.
• ತುಂಡಾದ ಭಾಗವನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.
• 108ಕ್ಕೆ ಕರೆ ಮಾಡಿ. ಬೇಗ ಆಸ್ಪತ್ರೆ ತಲುಪಿದಷ್ಟೂ ಮರುಜೋಡಣೆಯ ಸಾಧ್ಯತೆ ಹೆಚ್ಚು.

ಜೋಡಿಸಲು ಆಗದಿದ್ದರೆ ಕೃತಕ ಅಂಗದ ಬಗ್ಗೆ ವೈದ್ಯರನ್ನು ಕೇಳಿ. ಹಡಪಸರಕ್ಕೆ ಹತ್ತಿರದ ವಾನವಡಿಯಲ್ಲಿ ಸೇನೆಯ ಕೃತಕ ಅಂಗ ಕೇಂದ್ರ 1944ರಿಂದ ಈ ಕೆಲಸ ಮಾಡುತ್ತಿದೆ.