ಆಗುಂಬೆ ಇಳಿಯುವಾಗ ಗೇರು ಎಲ್ಲಿತ್ತು?

ಪುಣೆಯ ಟ್ರಾಫಿಕ್‌ಗೆ ಬೇಸತ್ತು ಆಟೊಮ್ಯಾಟಿಕ್ ಕಾರು ಕೊಂಡವನು ನಾನು. 'ಡಿ'ಗೆ ಹಾಕಿದರೆ ಮುಗಿಯಿತು, ಎಡಗಾಲಿಗೆ ರಜೆ. ಮೇ ತಿಂಗಳಲ್ಲಿ ಅಪ್ಪನನ್ನು ಕೂರಿಸಿಕೊಂಡು ತೀರ್ಥಹಳ್ಳಿ ದಾಟಿ ಉಡುಪಿಯತ್ತ ಹೊರಟಾಗಲೂ ಲಿವರ್ 'ಡಿ'ಯಲ್ಲೇ ಇತ್ತು.

ಆಗುಂಬೆಯ 14 ತಿರುವುಗಳಲ್ಲಿ ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ. ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೊಳಗೆ ಹೋಗತೊಡಗಿತು. ಹಿಂದಿನ ಸೀಟಿನಿಂದ ಅಪ್ಪ, "ಗೇರು ಎಲ್ಲಿ ಉಂಟು ಮಾರಾಯ? ಹತ್ತುವ ಗೇರಿನಲ್ಲೇ ಇಳಿಯಬೇಕು" ಎಂದರು. ಒಂದು ಕಾಲದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಲಿವರನ್ನು 'ಎಂ'ಗೆ ಸರಿಸಿ ಎರಡನೇ ಗೇರಿಗೆ ಇಳಿಸಿದೆ. ಇಂಜಿನ್ ಗುರ್ರೆಂದಿತು, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಕಾರು ನಿಧಾನವಾಯಿತು. ಅಗಲ ಸಿಕ್ಕಲ್ಲಿ ನಿಲ್ಲಿಸಿ ಅರ್ಧ ಗಂಟೆ ಕಾದೆವು. ಚಕ್ರಕ್ಕೆ ನೀರು ಹೊಯ್ಯಲು ಹೋದ ನನ್ನನ್ನು ಅಪ್ಪ ತಡೆದರು. ಕಾದ ಡಿಸ್ಕ್ ಬಿರಿಯಬಹುದಂತೆ.

ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ 'ಡಿ' ಸಾಮಾನ್ಯವಾಗಿ ಮೇಲಿನ ಗೇರಿಗೆ ಹೋಗುತ್ತದೆ. ಇಂಜಿನ್ನಿನ ಹಿಡಿತ ಸಡಿಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕ್ ಆಯಿಲ್ ಕುದಿದು ಆವಿಯಾದರೆ ಪೆಡಲ್ ಎಷ್ಟು ಒತ್ತಿದರೂ ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ. ಸಿವಿಟಿ ಕಾರುಗಳಲ್ಲಿ 'ಎಲ್' ಅಥವಾ 'ಎಸ್' ಇದ್ದರೆ ಘಾಟಿಯಲ್ಲಿ ಅದನ್ನೇ ಹಾಕಿ. ಹತ್ತುವಾಗಲೂ ಗೇರ್‌ಬಾಕ್ಸ್ ಎರಡು-ಮೂರರ ನಡುವೆ ಒದ್ದಾಡುತ್ತಿದ್ದರೆ ಎರಡರಲ್ಲೇ ಹಿಡಿದಿಡಿ. ಪೆಟ್ರೋಲ್ ಉಳಿತಾಯಕ್ಕೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ಇಂದಿನ ಇಂಜಿನ್‌ಗಳು ಗೇರಿನಲ್ಲಿ ಇಳಿಯುವಾಗಲೇ ಪೆಟ್ರೋಲ್ ನಿಲ್ಲಿಸುತ್ತವೆ; ನ್ಯೂಟ್ರಲ್‌ನಲ್ಲಿ ಕುಡಿಯುತ್ತಲೇ ಇರುತ್ತವೆ.

ವಾಪಸು ಬರುವಾಗ ಅಪ್ಪ ಮುಂದಿನ ಸೀಟಿನಲ್ಲೇ ಕೂತರು. ಪುಣೆಯವರೆಗೂ ಅವರ ಕಣ್ಣು ಲಿವರಿನ ಮೇಲೆ.